ಎಂಬತ್ನಾಲ್ಕನೇ ಮನೆ

ಮಾಸ್ತಿ ಕಡೆಯ ಹುಣಸೆಕುಂಟೆಯಲ್ಲಿ ಸುಬ್ರಮಣಿ ಪಂಚಾಯಿತಿಯ ವಾಟರ್‌ಮ್ಯಾನ್. ಬೆಳಿಗ್ಗೆ ಟ್ಯಾಂಕಿನ ವಾಲ್ವ್ ತಿರುಗಿಸಿ ಬೀದಿಬೀದಿಗೆ ನೀರು ಬಿಡೋದು ಅವನ ಕೆಲಸ. ಕೋಲಾರದಲ್ಲಿ ಗಣಿತ ಓದಿ ಬಿಎಸ್ಸಿ ಮಾಡಿದ್ದ. ಆ ಓದಿನಲ್ಲಿ ತಲೆಯಲ್ಲಿ ಉಳಿದದ್ದು ತರ್ಕದ ಒಂದು ಪಾಠ ಮಾತ್ರ. ಅದೇ ಊರಿಗೆ ಹೆಚ್ಚಾಗಿತ್ತು. ಯಾರಾದರೂ "ಈ ಸಲ ಎಲ್ಲರ ಟೊಮೆಟೊನೂ ಹಾಳಾಯ್ತು" ಅಂದರೆ, "ಎಲ್ಲರ ಹೊಲಾನೂ ನೋಡ್ಕೊಂಡ್ ಬಂದ್ರಾ?" ಅಂತ ಕೇಳೋನು. ಜನ ಅವನು ಬರೋದು ಕಂಡರೆ ಮಾತು ನಿಲ್ಲಿಸೋರು.

ಮನೆಯಲ್ಲಿ ಮಾತ್ರ ಅವನ ಆಟ ನಡೆಯುತ್ತಿರಲಿಲ್ಲ. ಹೆಂಡತಿ ಚಂದ್ರಕಲಾ ಒಮ್ಮೆ, "ಕುಡಿದು ಬಂದ್ರೆ ಊಟ ಇಲ್ಲ" ಅಂದಿದ್ದಳು. ಅವತ್ತು ಕುಡಿಯದೆ ಬಂದ. ಆದರೂ ಒಲೆ ಹಚ್ಚಿರಲಿಲ್ಲ.

"ಕುಡಿದ್ರೆ ಇಲ್ಲ ಅಂದೆ. ಕುಡೀದಿದ್ರೆ ಉಂಟು ಅಂದೆನಾ?" ಅಂದಳು.

ಸುಬ್ರಮಣಿ ಮನಸ್ಸಿನಲ್ಲೇ ಅವಳಿಗೆ ನೂರಕ್ಕೆ ನೂರು ಕೊಟ್ಟು, ಒಂದು ಚೊಂಬು ನೀರು ಕುಡಿದು ಮಲಗಿದ.

ಹೋದ ವರ್ಷ ದೊಡ್ಡ ಅಧಿಕಾರಿಯೊಬ್ಬರು ಊರಿಗೆ ಬರ್ತಾರೆ ಅಂತ ಸುದ್ದಿ ಬಂತು. ಅಧ್ಯಕ್ಷ ಗುರುವಪ್ಪ ಬಸ್‌ಸ್ಟಾಪಿನ ಗೋಡೆಗೆ ಹಳದಿ ಬಳಿಸಿ, 'ನಮ್ಮೂರಿನ ಎಲ್ಲ ಮನೆಗೂ ನಲ್ಲಿ ನೀರು' ಅಂತ ಬರೆಸಿದ. ಅದೇ ಮಾತಿರೋ ಒಂದು ಹಾಳೆಗೆ ವಾಟರ್‌ಮ್ಯಾನ್ ಸಹಿ ಬೇಕಿತ್ತು.

"ಆಗಲ್ಲಣ್ಣ," ಅಂದ ಸುಬ್ರಮಣಿ. "ಕೆರೆ ಏರಿ ಹತ್ರ ಅಶ್ವತ್ಥಮ್ಮನ ಮನೆಗೆ ಪೈಪೇ ಹೋಗಿಲ್ಲ."

"ಎಂಬತ್ನಾಲ್ಕರಲ್ಲಿ ಎಂಬತ್ಮೂರು ಸರಿ ಇದೆಯಲ್ಲೋ! ಫಸ್ಟ್ ಕ್ಲಾಸು!"

"ಎಲ್ಲ ಅನ್ನೋ ಮಾತಿಗೆ ಫಸ್ಟ್ ಕ್ಲಾಸು, ಸೆಕೆಂಡ್ ಕ್ಲಾಸು ಇಲ್ಲಣ್ಣ. ಒಂದು ಮನೆ ತಪ್ಪಿದ್ರೂ ಪೂರ್ತಿ ಸುಳ್ಳು."

ಪಕ್ಕದ ಟೀ ಅಂಗಡಿಯಲ್ಲಿದ್ದ ಮುನಿಯಲ್ಲಪ್ಪನ ಕಿವಿಗೆ ಇದು ಬಿತ್ತು. ಅವನು ಹೋದ ಚುನಾವಣೆಯಲ್ಲಿ ಗುರುವಪ್ಪನ ಎದುರು ಮೂರು ವೋಟಿನಲ್ಲಿ ಸೋತವನು. ಮಧ್ಯಾಹ್ನದ ಹೊತ್ತಿಗೆ ವಾಟ್ಸಾಪಲ್ಲಿ ಬಂತು: 'ಊರಲ್ಲಿ ಯಾರ ಮನೆಗೂ ನೀರಿಲ್ಲ! ವಾಟರ್‌ಮ್ಯಾನೇ ಒಪ್ಪಿಕೊಂಡ!'

ಸುಬ್ರಮಣಿ ಅವನ ಮನೆಗೆ ಓಡಿದ. "ಎಲ್ಲರಿಗೂ ಇದೆ ಅನ್ನೋದು ಸುಳ್ಳಾದ್ರೆ ಯಾರಿಗೂ ಇಲ್ಲ ಅಂತ ಆಗಲ್ಲ. ಕಡೇಪಕ್ಷ ಒಂದು ಮನೆಗೆ ಇಲ್ಲ ಅಂತ, ಅಷ್ಟೇ. ನಿಮ್ಮ ತೊಟ್ಟಿ ತುಂಬಿ ಹರೀತಾ ಇದೆ, ನೋಡಿ!"

"ನೀನು ಯಾವ ಪಾರ್ಟಿನೋ?" ಅಂದ ಮುನಿಯಲ್ಲಪ್ಪ.

ಸಂಜೆಯೊಳಗೆ ಎರಡೂ ಪಾರ್ಟಿಯವರು ಅವನ ಜೊತೆ ಮಾತು ಬಿಟ್ಟರು.

ಮಾರನೇ ದಿನ ಪಂಚಾಯಿತಿ ಅಧಿಕಾರಿ, ಪಿಡಿಒ ಅನಿತ ಮೇಡಂ ದಾರಿ ಕಂಡುಹಿಡಿದರು. ಅಶ್ವತ್ಥಮ್ಮನ ಮನೆ ಅಂಗಳದಲ್ಲಿ ಎರಡು ಸೀಮೆಹಸು ಕಟ್ಟಿದ್ದರು. ಮೇಡಂ ರಿಜಿಸ್ಟರಲ್ಲಿ 'ಮನೆ' ಹೊಡೆದುಹಾಕಿ 'ಕೊಟ್ಟಿಗೆ' ಅಂತ ಬರೆದರು.

"ಈಗ ಹೇಳಪ್ಪ, ಎಲ್ಲ ಮನೆಗೂ ನೀರಿದೆಯೋ ಇಲ್ವೋ?"

ಸುಬ್ರಮಣಿ ರಿಜಿಸ್ಟರ್ ತನ್ನ ಕಡೆ ತಿರುಗಿಸಿಕೊಂಡು ಓದಿದ. ಯಾವುದು ಮನೆ ಅನ್ನೋದನ್ನೇ ಬದಲಾಯಿಸಿದ ಮೇಲೆ ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ಸಹಿ ಹಾಕಿದ.

ಮನೆಗೆ ಹೋಗೋ ದಾರಿಯಲ್ಲಿ ಅಶ್ವತ್ಥಮ್ಮ ಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡು ಎದುರಾದಳು. "ಏಮಿರಾ ಸುಬ್ರಮಣಿ, ಐವತ್ತು ವರ್ಷದಿಂದ ನಾನು ಕೊಟ್ಟಿಗೇಲಿ ಸಂಸಾರ ಮಾಡ್ತಾ ಇದ್ದೀನಂತೆ, ಹೌದಾ?"

ಅವನು ಮನೆಗೆ ಬಂದು ನಡೆದದ್ದೆಲ್ಲ ಹೆಂಡತಿಗೆ ಹೇಳಿದ. ಚಂದ್ರಕಲಾ ಮುದ್ದೆಗೆ ಹಿಟ್ಟು ಹಾಕುತ್ತಾ ಎಲ್ಲ ಕೇಳಿಸಿಕೊಂಡಳು.

"ಆಯಮ್ಮನ ಮನೇಲಿ ಐದು ವೋಟಿದಾವೆ. ಐದೂ ಗುರುವಪ್ಪಂಗೇ ಬಿದ್ದಿದ್ದು ಅಂತ ಅವನೇ ಹೇಳ್ಕೊಂಡು ತಿರುಗ್ತಾನೆ. ಕೊಟ್ಟಿಗೇಲಿ ವೋಟು ಎಲ್ಲಿಂದ ಬಂತ್ರೀ?"

ಸುಬ್ರಮಣಿ ಊಟಕ್ಕೂ ನಿಲ್ಲದೆ ಗುರುವಪ್ಪನ ಮನೆಗೆ ಹೋದ.

"ಅಣ್ಣ, ವೋಟರ್ ಲಿಸ್ಟಲ್ಲಿ ಅಶ್ವತ್ಥಮ್ಮಂದು ಮನೆ ನಂಬರ್ ಎಂಬತ್ನಾಲ್ಕು ಅಂತಿದೆ. ಲಿಸ್ಟು ನಿಜ ಆದ್ರೆ ಅದು ಮನೆ. ಅದು ಮನೆ ಅಲ್ಲ ಅಂದ್ರೆ ಲಿಸ್ಟು ಸುಳ್ಳು. ನೀವು ಗೆದ್ದಿದ್ದು ಮೂರು ವೋಟಿಂದ."

ಗುರುವಪ್ಪ ಕೈಲಿದ್ದ ಕಾಫಿ ಲೋಟ ಕೆಳಗಿಟ್ಟ. "ಮುನಿಯಲ್ಲಪ್ಪಂಗೆ ಹೇಳಿದ್ಯಾ?"

"ಇನ್ನೂ ಇಲ್ಲ."

ಬೆಳಗಾಗೋದರೊಳಗೆ ಕೊಟ್ಟಿಗೆ ಮತ್ತೆ ಮನೆಯಾಯಿತು. ಎರಡೇ ದಿನದಲ್ಲಿ ಜೆಸಿಬಿ ಬಂದು ಕೆರೆ ಏರಿಯವರೆಗೆ ಪೈಪ್ ಹಾಕೋಕೆ ಕಾಲುವೆ ತೋಡಿತು. ನಲ್ಲಿ ತಿರುಗಿಸುತ್ತಾ ಗುರುವಪ್ಪ ಅಶ್ವತ್ಥಮ್ಮನ ಜೊತೆ ಫೋಟೋ ತೆಗೆಸಿಕೊಂಡ. ಮುನಿಯಲ್ಲಪ್ಪ ತನ್ನ ಹೋರಾಟದ ಫಲ ಅಂತ ಬ್ಯಾನರ್ ಕಟ್ಟಿಸಿದ. ಬರಬೇಕಾಗಿದ್ದ ಅಧಿಕಾರಿ ಬರಲೇ ಇಲ್ಲ. ಅಶ್ವತ್ಥಮ್ಮನ ಮನೆಗೆ ದಿನ ಬಿಟ್ಟು ದಿನ ನೀರು ಬರುತ್ತೆ; ಮೊದಲು ಹಸುಗಳಿಗೆ ಹಿಡಿದಿಟ್ಟು ಆಮೇಲೆ ಮನೆಗೆ.

ಮೊನ್ನೆ ಅದೇ ಪಂಚಾಯಿತಿಯ ಪಕ್ಕದ ಹಳ್ಳಿಗೆ ಹೊಸ ವಾಟರ್‌ಮ್ಯಾನ್ ಬೇಕಾಯಿತು. ಅರ್ಜಿ ಹಿಡಿದು ಬಂದವನನ್ನು ಗುರುವಪ್ಪ ಕೇಳಿದ್ದು ಒಂದೇ ಮಾತು.

"ಎಷ್ಟು ಓದಿದ್ದೀಯಪ್ಪ?"

"ಏಳನೇ ಕ್ಲಾಸು ಫೇಲಣ್ಣ."

"ನಾಳೆಯಿಂದ್ಲೇ ಬಾ."