ತಿನ್ನುತ್ತದೆ ಎಂದು ಅವನು ಹೇಳಿದ ಮೀನು

ಶಿವಾಜಿನಗರದ ಅಕ್ವೇರಿಯಂ ಅಂಗಡಿಯೊಂದರಲ್ಲಿ ಅಫ್ತಾಬ್ ಹತ್ತೊಂಬತ್ತು ವರ್ಷಗಳಿಂದ ಕೆಲಸಕ್ಕಿದ್ದಾನೆ. ಬೆಳಿಗ್ಗೆ ಅಂಗಡಿ ನೋಡಿಕೊಳ್ಳುತ್ತಾನೆ. ಮಧ್ಯಾಹ್ನದ ಮೇಲೆ ಪೈಪು, ಬಕೆಟ್ಟು ಸ್ಕೂಟರಿಗೆ ಕಟ್ಟಿಕೊಂಡು ಹಲಸೂರು, ಇಂದಿರಾನಗರದ ಮನೆಗಳಿಗೆ ಹೋಗಿ ಟ್ಯಾಂಕಿನ ನೀರು ಬದಲಿಸಿ ಬರುತ್ತಾನೆ. ಮೀನು ಈಜುವುದನ್ನು ನೋಡಿಯೇ ಅದರ ಕಾಯಿಲೆ ಏನೆಂದು ಹೇಳಬಲ್ಲವನು. ಗಿರಾಕಿಗಳು ಅವನ ಮಾತಿಗೆ ಎದುರಾಡಿದವರಲ್ಲ.

ಜೋಗುಪಾಳ್ಯದ ರಾಜೇಶ್ವರಿಯವರೂ ಹಾಗೆಯೇ ನಂಬಿದ್ದರು. ಮೂವತ್ತು ವರ್ಷ ನರ್ಸ್ ಆಗಿದ್ದವರು, ಮದುವೆಯಾಗಿರಲಿಲ್ಲ. ನಿವೃತ್ತಿಯಾದ ಮೇಲೆ ನಡುಮನೆಯಲ್ಲಿ ಎರಡಡಿಯ ಉಪ್ಪುನೀರಿನ ಟ್ಯಾಂಕು ಇಟ್ಟುಕೊಂಡು, ಪಟ್ಟೆಯ ಎರಡು ಕ್ಲೌನ್ ಮೀನು ಸಾಕಿದ್ದರು. ಹೋದ ವರ್ಷ ಜುಲೈನಲ್ಲಿ ಅಂಗಡಿಗೆ ಬಂದಾಗ, ಅದೇ ತಾನೇ ಬಂದಿಳಿದಿದ್ದ ಮ್ಯಾಂಡರಿನ್ ಮೀನಿನ ಮುಂದೆ ನಿಂತುಬಿಟ್ಟರು. ಹೆಬ್ಬೆರಳಿನಷ್ಟು ಉದ್ದ, ನೀಲಿ ಮೈ, ಅದರ ಮೇಲೆ ಕಿತ್ತಳೆ ಗೆರೆಗಳ ಸುಳಿ. ಈಜುವುದಕ್ಕಿಂತ ಕಲ್ಲಿನಿಂದ ಕಲ್ಲಿಗೆ ನಡೆದಾಡುವುದೇ ಹೆಚ್ಚು.

"ಇದು ನಮ್ಮನೇಲಿ ಏನು ತಿನ್ನುತ್ತೆ, ಅಫ್ತಾಬ್?"

ಆ ಮೀನು ಕಲ್ಲಿನ ಮೇಲೆ ಓಡಾಡುವ, ಕಣ್ಣಿಗೆ ಕಂಡೂ ಕಾಣದಂಥ ಜೀವಂತ ಹುಳುಗಳನ್ನು ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ, ಎರಡಡಿಯ ಟ್ಯಾಂಕಿನಲ್ಲಿ ಆ ಹುಳು ಒಂದು ತಿಂಗಳಿಗೂ ಸಾಲದು ಎಂಬುದು ಅಫ್ತಾಬನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಈ ಮೀನು ಇಲ್ಲೇ ಸತ್ತರೆ ನಷ್ಟ, ಬೇಗ ಸಾಗಿಸು ಎಂದು ಮಾಲೀಕ ತೌಹೀದ್ ಬೆಳಿಗ್ಗೆಯೇ ಹೇಳಿದ್ದ.

"ಎಲ್ಲಾ ತಿನ್ನುತ್ತೆ ಮೇಡಂ. ಕ್ಲೌನ್‌ಗೆ ಹಾಕೋದನ್ನೇ ಹಾಕಿ," ಎಂದ.

ಮೊದಲ ಮೂರು ವಾರ ಮೀನು ಕಲ್ಲನ್ನು ಕುಕ್ಕುತ್ತಾ ಚೆನ್ನಾಗಿಯೇ ಇತ್ತು. ರಾಜೇಶ್ವರಿಯವರು ಫೋನು ಮಾಡಿ ಖುಷಿಯಿಂದ ಮಾತಾಡಿದರು. ನಾಲ್ಕನೆಯ ವಾರ ಅಫ್ತಾಬ್ ನೀರು ಬದಲಿಸಲು ಹೋದಾಗ ಅದರ ಹೊಟ್ಟೆ ಒಳಗೆ ಹೋಗಿತ್ತು. ಅವರು ಮೀನಿನ ಕಾಳು ಹಾಕಿದ್ದರು, ಐಸಿನಲ್ಲಿಟ್ಟ ಸಿಗಡಿ ಹಾಕಿದ್ದರು. ರಸೆಲ್ ಮಾರುಕಟ್ಟೆಯಿಂದ ಮೀನಿನ ಮೊಟ್ಟೆ ತಂದು ಸಿರಿಂಜಿನಿಂದ ಅದರ ಬಾಯಿಯ ಹತ್ತಿರವೇ ಬಿಟ್ಟಿದ್ದರು. ಮ್ಯಾಂಡರಿನ್ ನೋಡಿ ನೋಡಿ ಮುಂದೆ ಹೋಗುತ್ತಿತ್ತು. ಎಲ್ಲವನ್ನೂ ಕ್ಲೌನ್ ಮೀನುಗಳು ನುಂಗುತ್ತಿದ್ದವು. ತಾನೇ ಏನೋ ತಪ್ಪು ಮಾಡುತ್ತಿರಬೇಕು, ಏನೆಂದು ಹೇಳಿ ಎಂದು ಅವರು ಕೇಳಿದರು.

ನಿಜ ಹೇಳಲು ಅದು ಸರಿಯಾದ ಸಮಯವಾಗಿತ್ತು. ಅಫ್ತಾಬ್ ಉಪ್ಪು ಅಳೆಯುವ ಮೀಟರನ್ನು ನೀರಿನಲ್ಲಿ ಅದ್ದಿ ತೆಗೆದ.

"ಉಪ್ಪು ಸ್ವಲ್ಪ ಜಾಸ್ತಿ ಆಗಿರ್ಬೋದು ಮೇಡಂ."

ಅಂದಿನಿಂದ ಅವರು ದಿನಕ್ಕೆ ಮೂರು ಸಲ ಉಪ್ಪು ಅಳೆದು ಪುಸ್ತಕದಲ್ಲಿ ಬರೆದಿಡತೊಡಗಿದರು. ಮುಂದಿನ ವಾರ ಆ ಪುಸ್ತಕವನ್ನು ತೋರಿಸಿದಾಗ ಅಫ್ತಾಬನಿಗೆ ತಲೆಯೆತ್ತಿ ನೋಡಲಾಗಲಿಲ್ಲ. ಮನೆಗೆ ಬಂದು ಹೆಂಡತಿ ಪರ್ವೀನಳ ಮುಂದೆ ಎಲ್ಲವನ್ನೂ ಹೇಳಿಕೊಂಡ. ನನಗ್ಯಾಕೆ ಹೇಳುತ್ತೀರಿ, ಹೋಗಿ ಅವರಿಗೆ ಹೇಳಿ ಎಂದಳು ಅವಳು.

ಅದೊಂದು ಮಾತ್ರ ಅವನಿಂದಾಗಲಿಲ್ಲ. ಬದಲಿಗೆ ತಾರಸಿಯ ಮೇಲೆ ತಳ ಕತ್ತರಿಸಿದ ಬಾಟಲಿಗಳನ್ನು ತಲೆಕೆಳಗಾಗಿ ಕಟ್ಟಿ, ಉಪ್ಪುನೀರು ತುಂಬಿ, ಸಣ್ಣ ಸಿಗಡಿಯ ಮೊಟ್ಟೆ ಹಾಕಿ ಮರಿ ಮಾಡಿಸಿದ. ದಿನಾ ಅಂಗಡಿ ತೆರೆಯುವ ಮೊದಲು ಆ ಜೀವಂತ ಮರಿಗಳನ್ನು ಜೋಗುಪಾಳ್ಯಕ್ಕೆ ಒಯ್ದ. ಕ್ಲೌನ್‌ಗಳ ಬಾಯಿಗೆ ಬೀಳದಂತೆ ಸಣ್ಣ ಗಾಜಿನ ಶೀಶೆಯೊಂದರಲ್ಲಿ ಬಿಟ್ಟು ಟ್ಯಾಂಕಿನ ತಳದಲ್ಲಿ ಮಲಗಿಸಿದ. ಎರಡನೆಯ ದಿನ ಮ್ಯಾಂಡರಿನ್ ಮೆಲ್ಲಗೆ ಶೀಶೆಯೊಳಗೆ ನಡೆದು ಹೋಗಿ ಕುಕ್ಕಿತು. ರಾಜೇಶ್ವರಿಯವರು ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇಷ್ಟು ಮುತುವರ್ಜಿಯಿಂದ ಯಾರು ಮಾಡುತ್ತಾರೆ ಎಂದು ಅಂದು ತಿಂಡಿ ಕೊಟ್ಟೇ ಕಳಿಸಿದರು.

ದಿನವಿಡೀ ಮೇಯಬೇಕಾದ ಮೀನಿಗೆ ಒಂದು ಹೊತ್ತಿನ ಮರಿ ಸಾಲದು. ಶುರು ಮಾಡಿದ್ದೂ ತಡವಾಗಿತ್ತು. ಹನ್ನೊಂದನೆಯ ದಿನ ಅವನು ಹೋದಾಗ ರಾಜೇಶ್ವರಿಯವರು ಅದನ್ನು ಒದ್ದೆ ಹತ್ತಿಯ ಮೇಲೆ ಮಲಗಿಸಿದ್ದರು.

"ಊಟ ಬಿಟ್ಟ ಎಷ್ಟೋ ಜನಕ್ಕೆ ಚಮಚದಲ್ಲಿ ತಿನ್ಸಿದೀನಿ, ಅಫ್ತಾಬ್. ಇದನ್ನ ಮಾತ್ರ ನಾನೇ ಕೊಂದ್ಬಿಟ್ಟೆ."

ಕ್ಲೌನ್ ಮೀನುಗಳನ್ನೂ ವಾಪಸ್ ತೆಗೆದುಕೊಂಡು ಹೋಗಿಬಿಡಿ, ಇದು ತನ್ನ ಕೈಲಾಗುವ ಕೆಲಸವಲ್ಲ ಎಂದು ಅವರು ಹೇಳಿದರು. ಅಫ್ತಾಬನೇ ನೀರು ಬಸಿದು, ಕಲ್ಲು ತೆಗೆದು, ಟ್ಯಾಂಕು ಖಾಲಿ ಮಾಡಿಕೊಟ್ಟು ಬಂದ.

ಅವನು ಮತ್ತೆ ಆ ಮನೆಯ ಗೇಟಿನ ಮುಂದೆ ನಿಂತದ್ದು ಈ ವರ್ಷ ಏಪ್ರಿಲ್‌ನಲ್ಲಿ. ಒಳಗೆ ಕರೆದರೂ ಹೋಗದೆ, ನಿಂತಲ್ಲೇ ಮೊದಲಿನಿಂದ ಕೊನೆಯವರೆಗೆ ಹೇಳಿದ. ರಾಜೇಶ್ವರಿಯವರು ಗೇಟಿನ ಸರಳು ಹಿಡಿದುಕೊಂಡೇ ಕೇಳಿಸಿಕೊಂಡರು.

"ಹಾಗಾದ್ರೆ ಉಪ್ಪು ಸರಿಯಾಗಿತ್ತಾ?"

"ಯಾವತ್ತೂ ಸರಿಯಾಗೇ ಇತ್ತು ಮೇಡಂ."

"ಅಷ್ಟು ಹೇಳೋಕೆ ಎಂಟು ತಿಂಗಳು ಬೇಕಾಯ್ತಾ ನಿಮಗೆ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಕ್ಷಮೆ ಕೇಳುವ ಮೊದಲೇ, ಬಿಸಿಲಲ್ಲಿ ನಿಲ್ಲಬೇಡಿ, ಹೋಗಿಬನ್ನಿ ಎಂದು ಅವರು ಒಳಗೆ ಹೋದರು.

ಈಗ ಅಂಗಡಿಗೆ ಮ್ಯಾಂಡರಿನ್ ಬಂದರೆ ಅದು ಏನು ತಿನ್ನುತ್ತದೆ, ಏನು ತಿನ್ನುವುದಿಲ್ಲ ಎಂಬುದನ್ನು ಅಫ್ತಾಬ್ ಕೇಳುವ ಮುಂಚೆಯೇ ಹೇಳಿಬಿಡುತ್ತಾನೆ. ತೌಹೀದ್ ಎರಡು ಸಲ ಬೈದೂ ನೋಡಿದ. ಕೆಲವರು ಕೇಳಿ ಹಿಂದಿರುಗುತ್ತಾರೆ. ಕೆಲವರು ಚೆಂದ ಇದೆಯೆಂದು ಕೊಂಡೇ ಹೋಗುತ್ತಾರೆ. ರಾಜೇಶ್ವರಿಯವರು ಮತ್ತೆ ಅಂಗಡಿಯ ಕಡೆಗೆ ಬಂದಿಲ್ಲ.