ಚಾಂಪಿಯನ್ನನ ಕೊನೆಯ ಅಧ್ಯಾಯ

ಮಕ್ಕಳ ಚೆಸ್ ಟೂರ್ನಮೆಂಟಿನಲ್ಲಿ ದೊಡ್ಡವರನ್ನು ಒಳಗೆ ಬಿಡುವುದಿಲ್ಲ. ಫೋಟೋ ತೆಗೆಯಲು ಐದು ನಿಮಿಷ ಕೊಟ್ಟು, ಆಮೇಲೆ ಕುರಿ ಅಟ್ಟಿದ ಹಾಗೆ ಎಲ್ಲರನ್ನೂ ಹೊರಗೆ ಅಟ್ಟುತ್ತಾರೆ. ಕಳೆದ ವರ್ಷ ಒಂದು ಭಾನುವಾರ, ಚೆನ್ನೈಯ ಎಗ್ಮೋರಿನ ಹತ್ತಿರದ ಒಂದು ಶಾಲೆಯ ವರಾಂಡದಲ್ಲಿ, ಎಪ್ಪತ್ತಾರು ವರ್ಷದ ನಾನೂ ಹಾಗೆ ಅಟ್ಟಿಸಿಕೊಂಡು ಕೂತಿದ್ದೆ. ತೊಡೆಯ ಮೇಲೆ ಮೊಸರನ್ನದ ಡಬ್ಬಿ. ಒಳಗೆ ಹನ್ನೊಂದು ವರ್ಷದ ಮೊಮ್ಮಗಳು ಕೊನೆಯ ಸುತ್ತು ಆಡುತ್ತಿದ್ದಳು.

ಅವಳ ಅಮ್ಮ, ಅಂದರೆ ನನ್ನ ಮಗಳು, ಮೊದಲೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಏಳು ಸುತ್ತಿನಲ್ಲಿ ಐದು ಪಾಯಿಂಟ್ ಬಂದರೆ ಚೆಸ್ ಮುಂದುವರಿಯಲಿ. ಇಲ್ಲದಿದ್ದರೆ ಬೋರ್ಡು ಅಟ್ಟಕ್ಕೆ, ಮಗು ಪುಸ್ತಕಕ್ಕೆ. ಆರು ಸುತ್ತು ಮುಗಿದಾಗ ಮಗುವಿನ ಹತ್ತಿರ ನಾಲ್ಕೂವರೆ ಇತ್ತು. ಡ್ರಾ ಆಗಿ ಅರ್ಧ ಪಾಯಿಂಟ್ ಬಂದರೂ ಸಾಕು. ಜಸ್ಟ್ ಎ ಡ್ರಾ, ಮದರ್ ಮೇರಿ, ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದವಳಿಗೆ ಎದೆ ಹೊಡೆದುಕೊಂಡಾಗ ಮೊದಲು ನೆನಪಾಗುವುದು ಅವಳೇ. ನಮ್ಮ ನಾರಾಯಣ ಆಮೇಲೆ ಬರುತ್ತಾನೆ. ಅವನೇನೂ ತಪ್ಪು ತಿಳಿಯುವುದಿಲ್ಲ.

ಚೆಸ್ಸಿನ ಹುಚ್ಚು ಈ ಮನೆಗೆ ಹತ್ತಿದ್ದು ನನ್ನಿಂದ. ಆಟ ಕಲಿಸಿದವರು ಮೈಸೂರಿನಿಂದ ಮದರಾಸಿಗೆ ಆಫೀಸು ಕೆಲಸಕ್ಕೆ ಬಂದ ನನ್ನ ಅಪ್ಪ. ಹುಚ್ಚು ಹತ್ತಿಸಿದ್ದು ಕಾನ್ವೆಂಟ್ ಲೈಬ್ರರಿಯಲ್ಲಿ ಸಿಕ್ಕ, ಬೆನ್ನು ಹರಿದ ಒಂದು ಪುಸ್ತಕ. ಚೆಸ್ಸಿನ ಮೊಟ್ಟಮೊದಲ ವಿಶ್ವ ಚಾಂಪಿಯನ್ನನ ಜೀವನ. ಪ್ರಾಗ್ ನಗರದ ಬಡ ಮನೆ, ಮನೆ ತುಂಬ ಮಕ್ಕಳು, ಕುಳ್ಳ ಆಳು, ಕುಂಟುವ ಕಾಲು. ವಿಯೆನ್ನಾ, ಲಂಡನ್, ಕೊನೆಗೆ ಅಮೆರಿಕ. ಹರೆಯದಲ್ಲಿ ಎಲ್ಲರ ಹಾಗೆ ಕತ್ತಿ ಬೀಸಿಕೊಂಡು ಎದುರಾಳಿಯ ರಾಜನ ಮೇಲೆ ಬೀಳುತ್ತಿದ್ದವನು, ನಡುವಯಸ್ಸಿನಲ್ಲಿ ಆಟದ ರೀತಿಯನ್ನೇ ಬದಲಿಸಿದ. ತಾಳಿಕೊಂಡು ಕೂರು, ಚಿಕ್ಕಪುಟ್ಟ ಅನುಕೂಲ ಒಂದೊಂದೇ ಕೂಡಿಸು, ಹೊತ್ತು ಬಂದಾಗ ಮಾತ್ರ ಹೊಡಿ. ಇದು ಹೇಡಿಯ ಆಟ ಎಂದು ಜನ ನಕ್ಕರು. ಅವನು ಪತ್ರಿಕೆಯಲ್ಲಿ ಅವರ ಜೊತೆ ಜಗಳವಾಡಿದ, ಬೋರ್ಡಿನ ಮೇಲೆ ಗೆದ್ದ. ಇವತ್ತು ಚೆನ್ನೈಯ ಗಲ್ಲಿಗಲ್ಲಿಯ ಚೆಸ್ ಕ್ಲಾಸಿನಲ್ಲಿ ಮಕ್ಕಳು ಕಲಿಯುವುದು ಅವನ ಪಾಠವನ್ನೇ. ಹೆಸರು ಕೇಳಿದರೆ ಅರ್ಧ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ.

ಪುಸ್ತಕದ ಕೊನೆಯ ಅಧ್ಯಾಯ ಬೇರೆ ಥರ. ಪಟ್ಟ ಹೋಯಿತು. ಮನಸ್ಸು ಹದ ತಪ್ಪಿತು. ತಂತಿಯಿಲ್ಲದೆಯೇ ಫೋನಿನಲ್ಲಿ ಮಾತಾಡಬಲ್ಲೆ ಎಂದು ನಂಬಿದ. ಆಸ್ಪತ್ರೆಯಲ್ಲಿಟ್ಟರು. ನ್ಯೂಯಾರ್ಕಿನಲ್ಲಿ ಬಡವನಾಗಿಯೇ ಸತ್ತ. ನಮ್ಮ ತಾಂಬರಂ ಟ್ರೇನಿನಲ್ಲಿ ಈಗ ಎಲ್ಲರೂ ತಂತಿಯಿಲ್ಲದೆ ಮಾತಾಡುವವರೇ. ಪಾಪ, ಸ್ವಲ್ಪ ಬೇಗ ಹುಟ್ಟಿದ.

ಮಗಳು ಚಿಕ್ಕವಳಿದ್ದಾಗ ಅವಳಿಗೆ ಈ ಕಥೆಯನ್ನು ಪೂರ್ತಿ ಹೇಳಿದ್ದೆ. ಆಮೇಲೆ ಅವಳು ಬೋರ್ಡು ಮುಟ್ಟಲಿಲ್ಲ. “ತಲೆ ಕೆಡತ್ತಮ್ಮ” ಎಂದಳು, ಮುಗಿಯಿತು. ಆ ಭಯವೇ ಬೆಳೆದು ಈ ಐದು ಪಾಯಿಂಟಿನ ಷರತ್ತಾಯಿತು ಎಂಬುದು ನನಗೂ ಗೊತ್ತು, ಅವಳಿಗೂ ಗೊತ್ತು. ಅದಕ್ಕೇ ಮೊಮ್ಮಗಳಿಗೆ ಪಟ್ಟ ಗೆದ್ದಲ್ಲಿಗೇ ಕಥೆ ನಿಲ್ಲಿಸುತ್ತಿದ್ದೆ. ಆವತ್ತು ಬೆಳಿಗ್ಗೆ ಟ್ರೇನಿನಲ್ಲಿ ಅವಳು ಬಿಡಲಿಲ್ಲ.

“ಗೆದ್ದಮೇಲೆ ಏನ್ ಮಾಡ್ದ ಅಜ್ಜಿ?”

“ಅಮೆರಿಕದಲ್ಲಿದ್ದ.”

“ಅಪ್ಪುರಂ?” ಕಥೆಯಲ್ಲಿ ಆಮೇಲೇನಾಯಿತು ಎಂದು ಕೇಳಲು ಅವಳಿಗೆ ತಮಿಳೇ ಬೇಕು.

“ಅಪ್ಪುರಂ ಮುದುಕ ಆದ. ಎಲ್ಲಾರೂ ಆಗ್ತಾರೆ. ಸ್ಟೇಷನ್ ಬಂತು, ಬ್ಯಾಗ್ ತಗೋ.”

“ಇನ್ನೂ ಎರಡು ಸ್ಟೇಷನ್ ಇದೆ. ಯು ಆರ್ ಸಚ್ ಎ ಫ್ರಾಡ್, ಅಜ್ಜಿ!”

ವರಾಂಡದ ಕಿಟಕಿಗಳಿಗೆ ಪೇಪರ್ ಅಂಟಿಸಿದ್ದರು. ಒಂದು ಮೂಲೆಯಲ್ಲಿ ಅದು ಕಿತ್ತುಬಂದಿತ್ತು. ನಾಚಿಕೆ ಬಿಟ್ಟು ಅಲ್ಲಿ ಕಣ್ಣಿಟ್ಟೆ. ಎದುರಾಳಿ, ಎರಡು ಜಡೆಯ ಹುಡುಗಿ, ಕೈ ಎತ್ತಿದ್ದಳು. ಪಂಚಾಯಿತಿ ಮಾಡಲು ಆರ್ಬಿಟರ್ ಬಂದು ಬಗ್ಗಿ ಏನೋ ಕೇಳಿದರು. ನಮ್ಮವಳ ಕಿವಿ ಕೆಂಪಾಯಿತು. ತಲೆಯಾಡಿಸಿದಳು. ಅಷ್ಟರಲ್ಲಿ ಯಾರೋ ಅಡ್ಡ ಬಂದು ನಿಂತರು.

ಏನಾಯಿತು, ಏನು ಮಾಡಿದಳು? ಡಬ್ಬಿಯ ಮುಚ್ಚಳ ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಕಾಲು ಗಂಟೆಯ ಮೇಲೆ ಪಕ್ಕದ ಬೋರ್ಡಿನ ಪುಟ್ಟ ಹುಡುಗಿ ಆಟ ಮುಗಿಸಿ ಬಂದು ತನ್ನ ಅಮ್ಮನಿಗೆ ಹೇಳುವುದು ಕಿವಿಗೆ ಬಿತ್ತು. ಕ್ಯಾಸಲಿಂಗ್ ಮಾಡುವಾಗ ಆ ಅಕ್ಕ ಮೊದಲು ಆನೆ ಮುಟ್ಟಿಬಿಟ್ಟಳಂತೆ.

ಆ ಅಕ್ಕ ನಮ್ಮವಳೇ.

ಕ್ಯಾಸಲಿಂಗ್ ಎಂದರೆ ಒಂದೇ ನಡೆಯಲ್ಲಿ ರಾಜನನ್ನು ಮೂಲೆಯ ಕಡೆ ಸರಿಸಿ, ಆನೆಯನ್ನು ಅವನ ಆಚೆ ಪಕ್ಕಕ್ಕೆ ನಿಲ್ಲಿಸಿ, ಅವನನ್ನು ಭದ್ರ ಮಾಡುವುದು. ನಿಯಮದಂತೆ ಮೊದಲು ರಾಜನನ್ನೇ ಮುಟ್ಟಬೇಕು. ಆನೆ ಮುಟ್ಟಿದಿರೋ, ಆನೆಯನ್ನೇ ನಡೆಸಬೇಕು. ರಾಜ ನಿಂತಲ್ಲೇ ನಿಲ್ಲುತ್ತಾನೆ. ನಮ್ಮ ಮನೆಯಲ್ಲಿ ಮಾತ್ರ ಆನೆ ಮೊದಲು. ದಸರಾ ಸವಾರಿ ನೋಡಿ ಬೆಳೆದ ಅಪ್ಪ ನನಗೆ ಹಾಗೆ ಕಲಿಸಿದ್ದರು: “ನಿಶಾನೆ ಆನೆ ಮುಂದೆ ಹೋಗಿ ದಾರಿ ಬಿಡಿಸ್ಬೇಕು ಮಗು. ರಾಜ ತಾನೇ ಮೊದಲು ಬೀದಿಗೆ ಇಳೀತಾನೇನು?” ನಾನು ಅದನ್ನೇ ಮಗುವಿಗೆ ಕಲಿಸಿದೆ. ಈವರೆಗೆ ಆಡಿದ ಮಕ್ಕಳು ಗಮನಿಸಲಿಲ್ಲವೋ, ಸುಮ್ಮನೆ ಬಿಟ್ಟರೋ. ಈ ಎರಡು ಜಡೆಯವಳು ಬಿಡಲಿಲ್ಲ. ಬಿಡಬಾರದು ಕೂಡ, ನಿಯಮ ನಿಯಮವೇ.

ರಾಜ ಈಗ ನಡುಬೀದಿಯಲ್ಲಿ. ಆ ಚಾಂಪಿಯನ್ನನಿಗೆ ಅದೇನೂ ಭಯವಿರಲಿಲ್ಲ, ರಾಜ ತನ್ನನ್ನು ತಾನೇ ನೋಡಿಕೊಳ್ಳುತ್ತಾನೆ ಎನ್ನುವ ಜಾತಿಯವನು. ಆದರೆ ಅವನ ಮಾತು ಬೇರೆ. ಇವಳಿಗೆ ಹನ್ನೊಂದು ವರ್ಷ.

ಒಂದೊಂದೇ ಮಗು ಹೊರಗೆ ಬಂತು. ವರಾಂಡ ಖಾಲಿಯಾಯಿತು. ಮಗಳು ಕರೆದುಕೊಂಡು ಹೋಗಲು ಬಂದಳು. “ಇನ್ನೂ ಆಡ್ತಿದಾಳಾ?” ಎಂದು ಪಕ್ಕದಲ್ಲಿ ಕೂತಳು. ನಾನು ಆನೆಯ ವಿಷಯ ಹೇಳಲಿಲ್ಲ. ಡ್ರಾ ಆಗಿಬಿಟ್ಟರೆ ಹೇಳುವ ಅಗತ್ಯವೇ ಇಲ್ಲವಲ್ಲ ಎಂದು ಲೆಕ್ಕ ಹಾಕಿದೆ. ಈಗಲೂ ಅದನ್ನು ನೆನೆದರೆ ಮುಖ ಬಿಸಿಯಾಗುತ್ತದೆ.

ಮೊಮ್ಮಗಳು ಎಲ್ಲರಿಗಿಂತ ಕೊನೆಯಲ್ಲಿ ಬಂದಳು. ಸೋತಿದ್ದಳು. ನಡೆಗಳನ್ನು ಬರೆದ ಹಾಳೆಯನ್ನು ಅಮ್ಮನ ಕೈಗೆ ಕೊಟ್ಟು, ನನ್ನ ಮುಖ ನೋಡದೆ ನೀರು ಕುಡಿದಳು.

“ಏನಾಯ್ತು?” ಎಂದಳು ಮಗಳು.

“ಕ್ಯಾಸಲಿಂಗ್ ಮಿಸ್ಟೇಕ್.”

“ಅಷ್ಟೂ ಗೊತ್ತಾಗಲ್ವಾ? ಗಮನ ಎಲ್ಲಿಟ್ಟಿದ್ದೆ? ಸಾಕು ಕಂದಾ. ಒಪ್ಪಂದ ಏನಿತ್ತು? ಇಲ್ಲಿಗೆ ನಿಲ್ಲಿಸೋಣ.”

ಮಗು ಹೂಂ ಎಂದಳು. ಅಜ್ಜಿ ಹೇಳಿಕೊಟ್ಟದ್ದು ಎಂದು ಒಂದು ಮಾತೂ ಆಡಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತಳು. ಹನ್ನೊಂದು ವರ್ಷದ ಮಗು ನನ್ನನ್ನು ಕಾಪಾಡುತ್ತಿತ್ತು.

“ಅವಳ ತಪ್ಪಲ್ಲ ಕಣೇ” ಎಂದೆ. “ಆನೆ ಮೊದಲು ಅಂತ ಕಲಿಸಿದ್ದು ನಾನು. ನಿನ್ನ ತಾತ ನಂಗೆ ಕಲಿಸಿದ್ದು ಹಾಗೇ. ರೂಲ್ ಬುಕ್ ಒಂದು ದಿನವೂ ತೆಗೆದು ನೋಡ್ಲಿಲ್ಲ.”

ಮಗಳು ನನ್ನನ್ನೇ ನೋಡಿದಳು. “ಇನ್ನೇನೇನು ತಪ್ಪು ಕಲಿಸಿದ್ದೀಯಮ್ಮ? ಆ ಚಾಂಪಿಯನ್ ಕಥೆ ಹೇಳಿದ್ಯಾ ಇವಳಿಗೂ?”

“ಅರ್ಧ.”

“ನಂಗೆ ಪೂರ್ತಿ ಹೇಳಿ ಹೆದರಿಸ್ದೆ. ಇವಳಿಗೆ ಯಾಕೆ ಮುಚ್ಚಿಟ್ಟೆ? ಹೇಳು ಈಗ. ಕೇಳ್ಸಿಕೊಂಡು ಅವಳೇ ಬೇಕೋ ಬೇಡ್ವೋ ಹೇಳ್ಲಿ.”

ಅಲ್ಲೇ ಬೆಂಚಿನ ಮೇಲೆ ಹೇಳಿದೆ. ಪಟ್ಟ ಹೋದದ್ದು, ಮನಸ್ಸು ಹೋದದ್ದು, ಆಸ್ಪತ್ರೆ, ಬಡತನ, ಯಾವುದನ್ನೂ ಬಿಡಲಿಲ್ಲ. ಮಗು ಮೊಸರನ್ನ ತಿನ್ನುತ್ತಾ ಕೇಳಿದಳು.

“ಅವನನ್ನ ಸೋಲ್ಸಿದ್ದು ಯಾರು?”

“ಅವನಿಗಿಂತ ತುಂಬಾ ಚಿಕ್ಕವನು. ಇವನ ಆಟ ನೋಡಿ ನೋಡಿಯೇ ಕಲಿತವನು.”

“ಅಂದ್ರೆ ಅವನ ಐಡಿಯಾ ತಗೊಂಡು ಅವನನ್ನೇ ಸೋಲ್ಸಿದ್ನಾ? ಸೂಪರ್!” ಎಂದಳು. ಒಂದು ತುತ್ತು ನುಂಗಿ, ಸ್ವಲ್ಪ ಮೆಲ್ಲಗೆ, “ಪಾವಂ. ಜೊತೇಲಿ ಯಾರೂ ಇರ್ಲಿಲ್ವಾ?”

“ಹೆಂಡ್ತಿ ಮಕ್ಕಳು ಇದ್ರು.”

“ಡಾಕ್ಟರ್ ಹತ್ರ ಬೇಗ ಕರ್ಕೊಂಡ್ ಹೋಗ್ಬೇಕಿತ್ತು” ಎಂದು ತೀರ್ಪು ಕೊಟ್ಟು ಡಬ್ಬಿ ಕೆರೆದಳು. “ಅಮ್ಮ, ನಾನು ಆಡ್ತೀನಿ. ಪ್ಲೀಸ್.”

ಮಗಳು ಹಾಳೆಯನ್ನು ಮಡಿಸಿ ಪರ್ಸಿಗೆ ಹಾಕಿಕೊಂಡಳು. “ಆಡ್ಲಿ. ಆದ್ರೆ ಅಮ್ಮ, ಇನ್ನು ನೀನು ಕಲಿಸ್ಬೇಡ. ಸರಿಯಾದ ಕೋಚ್ ಹತ್ರ ಹಾಕ್ತೀನಿ” ಎಂದಳು.

ಸಂತೋಷಕ್ಕೋ ಅವಮಾನಕ್ಕೋ, ಕಣ್ಣು ತುಂಬಿತು. ಆಯ್ತು ಎಂದೆ.

ಈಗ ಅವಳು ಕ್ಲಾಸಿಗೆ ಹೋಗುತ್ತಾಳೆ. ಮನೆಗೆ ಬಂದು ಸೋಫಾದ ಮೇಲೆ ಮಲಗಿ, ಬೋರ್ಡಿಲ್ಲದೆ, ಸೀಲಿಂಗ್ ನೋಡುತ್ತಾ ತಲೆಯೊಳಗೇ ಆಡುತ್ತಾಳೆ. ತುಟಿ ಅಲ್ಲಾಡುತ್ತದೆ. ಎಲ್ಲ ಮಕ್ಕಳೂ ಹಾಗೇ ಮಾಡುತ್ತಾರಂತೆ, ಕೋಚ್ ಹೇಳಿದ್ದಾರೆ. ಆದರೂ ನಾನು ಅಡುಗೆಮನೆಯಿಂದ ಕೆಲಸವಿಲ್ಲದಿದ್ದರೂ ಅವಳ ಹೆಸರು ಹಿಡಿದು ಕೂಗುತ್ತೇನೆ. “ಒಂದ್ ನಿಮಿಷ ಅಜ್ಜಿ” ಎನ್ನುತ್ತಾಳೆ. ಸೌಟು ಹಿಡಿದುಕೊಂಡು ಆ ನಿಮಿಷ ಮುಗಿಯುವವರೆಗೂ ಬಾಗಿಲಲ್ಲಿ ನಿಲ್ಲುತ್ತೇನೆ.