ನಿಲ್ಲಪ್ಪ ಅಂದರೆ ಯಾರು?

“ಸಾಹೇಬ್, ಆ ನಿಲ್ಲಪ್ಪ ಕೋಣ್ ಛೇ?” ಯಾರು ಈ ನಿಲ್ಲಪ್ಪ ಎಂದು ಆಪರೇಟರ್ ರಮೇಶ್‌ಭಾಯ್ ನನ್ನ ಲ್ಯಾಪ್‌ಟಾಪಿನ ಪರದೆಗೆ ಬೆರಳಿಟ್ಟು ಕೇಳಿದರು.

ವಡೋದರಾದ ಮಕರಪುರದ ಕಾರ್ಖಾನೆಯೊಂದರಲ್ಲಿ ಯಂತ್ರದ ಪ್ಯಾನೆಲ್‌ಗೆ ಒಂದು ಹೊಸ ಬಟನ್ ಸೇರಿಸಬೇಕಿತ್ತು. ಆ ಪ್ಯಾನೆಲ್ಲಿನ ಮೂಲ ಪ್ರಾಜೆಕ್ಟ್ ಫೈಲ್ ಕಳೆದುಹೋಗಿತ್ತು. ಉಳಿದಿದ್ದು ಯಂತ್ರವಷ್ಟೇ ಓದಬಲ್ಲ ಬ್ಯಾಕಪ್ ಫೈಲ್. ಯಾರು ಮಾಡಿದ್ದೋ ಎಂದು ಬೈದುಕೊಳ್ಳುತ್ತಲೇ ಎರಡು ದಿನ ಹೆಣಗಿ, ಅದನ್ನು ತಿದ್ದಲು ಬರುವ ರೂಪಕ್ಕೆ ತಂದಿದ್ದೆ. ಪ್ಯಾನೆಲ್ ಮೇಲೆ ಕಾಣದ, ಪ್ರೋಗ್ರಾಂ ಬರೆದವರು ಬಟನ್‌ಗಳಿಗೆ ಇಟ್ಟ ಒಳಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿ ಮೂಡಿದವು, ಪದಗಳು ಮಾತ್ರ ಕನ್ನಡದವು. ಎಚ್ಚರಿಕೆಯ ದೀಪ ‘ಉಷಾರು’. ಯಂತ್ರ ನಿಲ್ಲಿಸುವ ಬಟನ್ ‘ನಿಲ್ಲಪ್ಪ’.

ಬೈಗುಳ ಬಾಯಲ್ಲೇ ಉಳಿಯಿತು. ಇದು ನನಗೆ ಕೆಲಸ ಕಲಿಸಿದ ಮಂಡ್ಯದ ನಂಜೇಗೌಡರ ಕೈ. ಅವರು ತೀರಿಕೊಂಡು ನಾಲ್ಕು ವರ್ಷ. ಇಂಗ್ಲಿಷಿನಲ್ಲಿ ಹೆಸರಿಡಿ ಸಾರ್ ಎಂದರೆ ನಗುತ್ತಿದ್ದರು: “ಒಳಗಿನ ಹೆಸರು ಯಾರ್ ನೋಡ್ತಾರಯ್ಯ? ಮಷೀನಿಗೂ ಒಸಿ ಕನ್ನಡ ಬರ್ಲಿ ಬಿಡು.”

ರಮೇಶ್‌ಭಾಯ್ ಇನ್ನೂ ಕಾಯುತ್ತಿದ್ದರು. “ಹಮಾರೇ ಸಾರ್ ಥೇ,” ನಮ್ಮ ಸಾರ್ ಆಗಿದ್ದವರು ಎಂದಷ್ಟೇ ಹೇಳಿದೆ.

ಆ ಹೆಸರುಗಳನ್ನು ಬದಲಿಸಲು ಮನಸ್ಸು ಬರಲಿಲ್ಲ. ಕಾರ್ಖಾನೆಯವರು ಕೇಳಿದ್ದ ಹೊಸ ಬಟನ್, ಯಂತ್ರದ ತೋಳನ್ನು ಹೊರಟ ಜಾಗಕ್ಕೇ ವಾಪಸ್ ಕರೆಸುವಂಥದ್ದು. ಅದರ ಒಳಹೆಸರನ್ನು ನಾನೇ ಇಟ್ಟೆ: ‘ಬನ್ನಿ ಸಾರ್’.